ನನ್ನ ಗಾಳ, ಹುಸೇನಸಾಬನ ಮೀನು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ನ್ಯಾಯವಿದೆ. ಪಕ್ಕದ ಮನೆಯವನ ಎಮ್ಮೆ ಹೆಚ್ಚು ಹಾಲು ಕೊಟ್ಟರೆ, ಷಡ್ಡಕ ಮಾಡಿಗೆ ಮಂಗಳೂರು ಹೆಂಚು ಹೊದಿಸಿದರೆ, ಜೊತೆಗೆ ಓದಿದವನು ಸಾಹೇಬನಾಗಿ ಜೀಪಿನಿಂದ ಇಳಿದರೆ ಹೊಟ್ಟೆಯೊಳಗೆ ಚುರ್ರೆನ್ನುವುದು ಸಹಜ. ಅದು ಅವರದು, ನಮ್ಮದಲ್ಲ. ನಮ್ಮದಾಗಲಿಲ್ಲವಲ್ಲ ಎಂಬುದೇ ಸಂಕಟ. ನನ್ನ ಸಂಕಟ ಈ ಲೆಕ್ಕಕ್ಕೆ ಬರುವಂಥದಲ್ಲ. ನಾನು ಹೊಟ್ಟೆಕಿಚ್ಚು ಪಟ್ಟದ್ದು ನಾನೇ ಹಿಡಿದ ಮೀನುಗಳ ವಿಷಯದಲ್ಲಿ, ಅದೂ ವರ್ಷಗಟ್ಟಲೆ.

ಮೊದಲು ನನ್ನ ಜಾತಕ ಹೇಳಿಬಿಡುತ್ತೇನೆ. ದಾಸನಕೊಪ್ಪದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನಮ್ಮ ಅವ್ವ ಈರುಳ್ಳಿಯನ್ನೇ ಅನುಮಾನದಿಂದ ನೋಡುವವಳು. ಇಂಥ ಮನೆಯವನ ಕೈಗೆ ಗಾಳ ಬಂದದ್ದು ಸರಕಾರದ ದೆಸೆಯಿಂದ. ಮುಂಬೈ ರಾಜ್ಯ ಹೋಗಿ ನಾವೆಲ್ಲ ಮೈಸೂರು ರಾಜ್ಯದವರಾದಾಗ ಶಿರಸಿಯಲ್ಲಿದ್ದ ಮರಾಠಿ ಸಾಹೇಬರೊಬ್ಬರು ಗಂಟುಮೂಟೆ ಕಟ್ಟಿದರು. ಅವರ ಬಂಗಲೆಯ ಸಾಮಾನು ಮಾರಾಟಕ್ಕಿದೆ ಎಂದು ಕೇಳಿ ಹೋದ ನಾನು, ಅಂಗಡಿಯಲ್ಲಿ ಸೀರೆ ಇಳಿಬಿಡಲು ಆದೀತೆಂದು ಒಂದು ಉದ್ದನೆಯ ಕೋಲಿನ ಚೀಲ ಕೊಂಡು ತಂದೆ. ಬಿಚ್ಚಿ ನೋಡಿದರೆ ಒಂದಕ್ಕೊಂದು ಕೂಡುವ ಮೂರು ತುಂಡು ಬಿದಿರು, ದಾರ ಸುತ್ತುವ ಹಿತ್ತಾಳೆಯ ಗಿರಕಿ, ದಾರ, ಒಂದು ಡಬ್ಬಿಯ ತುಂಬ ಗಾಳದ ಕೊಕ್ಕೆ. ಸೀರೆ ಇಳಿಬಿಟ್ಟೆ, ಅದು ಸುಳ್ಳಲ್ಲ. ವಾರದ ದಿನಗಳಲ್ಲಿ ಆ ಕೋಲಿನ ಮೇಲೆ ಇಳಕಲ್ ಸೀರೆಗಳೇ ತೂಗುತ್ತಿದ್ದವು. ಭಾನುವಾರ ಮಾತ್ರ ಕೋಲು ತನ್ನ ಪೂರ್ವಾಶ್ರಮಕ್ಕೆ ಮರಳುತ್ತಿತ್ತು.

ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ ಹುಸೇನಸಾಬ ನನ್ನ ಜೊತೆಗಾರ. ನನ್ನಂಥವನು ಗಾಳ ಹೊತ್ತು ಊರೊಳಗೆ ನಡೆಯುವಂತಿಲ್ಲ, ಆದ್ದರಿಂದ ಹೋಗುವಾಗ ಕೋಲು ಅವನ ಹೆಗಲ ಮೇಲೆ. ಸಿಕ್ಕ ಮೀನು ನಮ್ಮ ಮನೆಗೆ ಹೋಗುವಂತಿಲ್ಲ, ಆದ್ದರಿಂದ ಬರುವಾಗ ಮೀನೂ ಅವನ ಕೈಯಲ್ಲಿ. ನಡುವೆ ಕೆರೆಯ ದಂಡೆಯ ಮೇಲೆ ನಡೆಯುವುದನ್ನು ನೋಡಿದವರು ಯಾರೂ ಇಲ್ಲ. ಅಲ್ಲಿ ಹುಸೇನಸಾಬ ಟವೆಲು ಮುಖಕ್ಕೆ ಹಾಕಿಕೊಂಡು ಹೊಂಗೆ ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಗಾಳ ಹಿಡಿದು ಕೂತಿರುತ್ತಿದ್ದವನು ನಾನು.

ಎರೆಹುಳು ಮುಟ್ಟಲು ನನಗೆ ಧೈರ್ಯವಿರಲಿಲ್ಲ. ನನ್ನ ಗಾಳ ಪೂರ್ತಿ ಸಸ್ಯಾಹಾರಿ. ಗೋಧಿಹಿಟ್ಟಿಗೆ ಬೆಲ್ಲ ಹಾಕಿ ನಾದಿದ ಕಣಕವೆಂದರೆ ನಮ್ಮ ಕೆರೆಯ ಗೆಂಡೆಮೀನಿಗೆ ಪ್ರಾಣ. ಆ ಕಣಕ ನಾದಿಕೊಡುತ್ತಿದ್ದವಳು ಅವ್ವ. ಭಾನುವಾರ ಕೆರೆಗೆ ಹೋಗಿ ಮೀನಿಗೆ ಕಣಕ ಹಾಕಿ ಬರುತ್ತೇನೆ, ಪುಣ್ಯ ಬರುತ್ತದಂತೆ ಎಂದು ಹೇಳಿದ್ದೆ. ಹಾಕುತ್ತಿದ್ದುದು ನಿಜ, ಕಣಕದೊಳಗೆ ಏನಿರುತ್ತಿತ್ತು ಎಂದು ಮಾತ್ರ ಹೇಳಿರಲಿಲ್ಲ. "ಮೂಕ ಜೀವ, ಹೊಟ್ಟಿ ತುಂಬ ಹಾಕು" ಎಂದು ಅವಳು ಮೇಲೆ ಒಂದು ಮಿಳ್ಳೆ ತುಪ್ಪ ಬಿಡುತ್ತಿದ್ದಳು. ಶ್ರಾವಣದ ಕೆಂಪು ನೀರಿನಲ್ಲಿ ಮೀನಿಗೆ ಕಣ್ಣು ಕಾಣುವುದಿಲ್ಲ, ವಾಸನೆಯೇ ದಾರಿ; ಅದಕ್ಕೆ ಸ್ವಲ್ಪ ಹಿಂಗು ಹಾಕೆಂದಾಗ "ಮೀನಿಗೂ ಹಿಂಗೇನೋ?" ಎಂದಿದ್ದಳು. ಮಳೆಗಾಲದಲ್ಲಿ ಅವಕ್ಕೂ ವಾಯು ಆಗುತ್ತದೆ ಎಂದು ಹೇಳಿ ಪಾರಾದೆ. ಈ ಪುಣ್ಯ ಅವ್ವನಿಗೆ ಎಷ್ಟು ಹಿಡಿಸಿತೆಂದರೆ ಸ್ವಲ್ಪ ದಿನಗಳಲ್ಲೇ ಭಾನುವಾರವನ್ನು ನನಗೆ ಬಿಟ್ಟು, ಉಳಿದ ದಿನ ಅವಳೂ ಬೆಳಗಿನ ಹೊತ್ತು ಕೈಯಲ್ಲಿ ಬಟ್ಟಲು ಹಿಡಿದು ಕೆರೆಗೆ ಹೊರಡತೊಡಗಿದಳು.

ಕೆರೆಯನ್ನು ಓದುವುದು ಸುಲಭವಲ್ಲ, ನನಗೆ ಅದಕ್ಕೆ ಕೆಲವು ಮಳೆಗಾಲಗಳೇ ಬೇಕಾದವು. ಮೃಗಶಿರ ಮಳೆ ಬಿದ್ದ ಹೊಸತರಲ್ಲಿ ಮೀನಿಗೆ ಹಳ್ಳ ಹತ್ತುವ ಅವಸರ, ತಿನ್ನುವ ಗೊಡವೆ ಇಲ್ಲ. ಆಗ ಗಾಳ ಹಾಕುವವನು ಕೈ ಬೀಸಿಕೊಂಡು ಬರಬೇಕು. ಶ್ರಾವಣದಲ್ಲಿ ಹಳ್ಳದ ನೀರು ಕೆರೆಗೆ ಬೀಳುವ ಬಾಯಲ್ಲಿ ಕೂರಬೇಕು. ಸ್ವಾತಿ ಮಳೆ ಮುಗಿದು ನೀರು ತಿಳಿಯಾಯಿತೋ, ಅದೇ ಸುಗ್ಗಿ. ಚಳಿ ಬರುವ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ದೊಡ್ಡ ಗೆಂಡೆಗಳು ತಾವರೆ ಎಲೆಗಳ ಅಂಚಿಗೆ ಬರುತ್ತವೆ. ಪುಷ್ಯದ ಚಳಿಯಲ್ಲಿ ನಸುಕಿಗೆ ಹೋಗುವುದು ದಂಡ, ಬಿಸಿಲು ನೆತ್ತಿಗೆ ಬಂದಮೇಲೆ ತೂಬಿನ ಪಕ್ಕದ ಆಳದಲ್ಲಿ ಕಡಲೆಗಾತ್ರದ ಕಣಕ ಇಳಿಬಿಡಬೇಕು. ಶಿವರಾತ್ರಿ ಕಳೆದು ನೀರು ಕಾದರೆ ಎಲ್ಲ ತಿರುಗುಮುರುಗು. ಮಧ್ಯಾಹ್ನ ಮೀನೂ ಮಲಗುತ್ತದೆ, ಮುಂಜಾನೆ ಮುಸ್ಸಂಜೆ ಮಾತ್ರ ದಂಡೆಗೆ ಬರುತ್ತದೆ. ಇಷ್ಟು ವಿದ್ಯೆ ನನ್ನೊಳಗೆ ತುಂಬಿಕೊಂಡಿತ್ತು. ಹೇಳಿಕೊಳ್ಳಲು ಒಬ್ಬನೂ ಇರಲಿಲ್ಲ.

ಒಂದು ವರ್ಷ ದೀಪಾವಳಿ ಕಳೆದ ಭಾನುವಾರ ತಾವರೆ ಎಲೆಗಳ ಹತ್ತಿರ ನನ್ನ ಗಾಳಕ್ಕೆ ಒಂದು ಗೆಂಡೆ ಬಿತ್ತು. ಗಿರಕಿ ಕಿರುಚಿತು, ಧೋತರ ಬಿಚ್ಚಿತು, ಮೊಣಕಾಲವರೆಗೆ ಕೆಸರಿಗೆ ಇಳಿದೆ, ದಾರ ಬಿಡುತ್ತ ಎಳೆಯುತ್ತ ಅಂಗೈ ಕೊಯ್ದುಕೊಂಡೆ. ಅಷ್ಟರಲ್ಲಿ ಎದ್ದ ಹುಸೇನಸಾಬ ನಾನು ಅದನ್ನು ದಂಡೆಗೆ ತಂದಾಗ ನೋಡಿ "ಯಾ ಅಲ್ಲಾ, ಇದಕ್ಕ ಅಂಗಿ ಹೊಲೀಬೇಕಂದ್ರ ಎರಡು ಗಜ ಅರಿವಿ ಬೇಕ್ರಿ" ಎಂದ. ಆಮೇಲೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಪೇಟೆಯ ನಡುವೆ ಹೊರಟ. ಬನವಾಸಿಯ ಬಸ್ಸು ನಿಂತಿತು. ಕಂಡಕ್ಟರು ಇಳಿದು ಮೀನಿನ ಬಾಲ ಮುಟ್ಟಿ ನೋಡಿದ. ನಾನು ಅವನ ಹಿಂದೆ, ಕೊಯ್ದ ಅಂಗೈಯನ್ನು ಧೋತರದಲ್ಲಿ ಮುಚ್ಚಿಕೊಂಡು, ಯಾರೋ ಪರಿಚಯದವನಂತೆ ನಡೆಯುತ್ತಿದ್ದೆ. ಕೊಂದ ಪಾಪ ತಿಂದು ಪರಿಹಾರ ಎನ್ನುತ್ತಾರೆ. ನನ್ನ ಪಾಲಿಗೆ ಕೊಂದ ಪಾಪ ಮಾತ್ರ ಉಳಿದು, ತಿಂದ ಪರಿಹಾರವೂ ಹೆಸರೂ ಅವನಿಗೆ ಹೋದವು.

ಅಂದಿನಿಂದ ಅವನು ಊರಿಗೆ ಗಾಳದ ಹುಸೇನಪ್ಪನಾದ. ಚಹಾದಂಗಡಿಯಲ್ಲಿ ಅವನಿಗೆ ಬೆಂಚು ಬಿಟ್ಟುಕೊಟ್ಟರು. ಹೇಗೆ ಹಿಡಿದೆ ಎಂದು ಕೇಳಿದರೆ "ಅಲ್ಲಾನ ದಯಾ" ಎನ್ನುತ್ತಿದ್ದ. ಅದು ಸುಳ್ಳಲ್ಲ, ಹಾಗಾಗಿ ಅವನನ್ನು ಬೈಯುವುದಕ್ಕೂ ನನಗೆ ದಾರಿ ಇರಲಿಲ್ಲ. ಬರಬರುತ್ತ ಅವನು ಉಪದೇಶಕ್ಕೂ ಇಳಿದ. "ಸ್ವಾತಿ ಮಳ್ಯಾಗ ಮೀನು ಹಾಡ್ತಾವ್ರಿ, ಕಿವಿಗೊಟ್ಟು ಕೇಳಬೇಕು" ಎಂದು ಅವನು ಹೇಳುವುದನ್ನೂ ಊರಿನ ಹಿರಿಯರು ತಲೆದೂಗುವುದನ್ನೂ ನೋಡುತ್ತ ನಾನು ಬಿಸಿ ಚಹಾ ನುಂಗಿ ನಾಲಿಗೆ ಸುಟ್ಟುಕೊಂಡೆ. ಮನೆಯಲ್ಲಾದರೂ ನೆಮ್ಮದಿ ಇತ್ತೇ ಎಂದರೆ, ನನ್ನ ಹೆಂಡತಿ ಗಿರಿಜಾ ಬಾವಿಕಟ್ಟೆಯ ಮೇಲೆ ಹೆಂಗಸರ ಮುಂದೆ, ನನಗೂ ಕೇಳುವ ಹಾಗೆ, "ಹುಸೇನಪ್ಪ ಎಂಥಾ ಮೀನು ಹಿಡದಾನಂತ ನೋಡ್ರಿ. ನಮ್ಮವರೂ ವಾರಾ ಅವನ ಬಾಜೂಕ ಕುಂತು ಬರ್ತಾರ, ಗಾಳಿ ಕುಡ್ಯಾಕ" ಎನ್ನುತ್ತಿದ್ದಳು. ಬೇರೆ ಗಂಡಸನ್ನು ಹೆಂಡತಿ ಹೊಗಳಿದರೆ ಸಹಿಸಬಹುದೇನೋ. ನನ್ನ ಕೆಲಸಕ್ಕೆ ಅವನನ್ನು ಹೊಗಳುವುದನ್ನು ಸಹಿಸುವುದು ಕಷ್ಟ.

ಹೀಗಿರುವಾಗ ಒಂದು ಪುಷ್ಯಮಾಸದಲ್ಲಿ ಮೀನು ಸಾಕಣೆಯ ಸಾಹೇಬರೊಬ್ಬರು ಜೀಪಿನಲ್ಲಿ ಊರಿಗೆ ಬಂದರು. ಕೆರೆಗಳಲ್ಲಿ ಮೀನು ಯಾವ ಕಾಲಕ್ಕೆ ಎಲ್ಲಿ ಮೇಯುತ್ತದೆ ಎಂದು ತಿಳಿದವರು ಯಾರೆಂದು ಕೇಳಿದರು. ಊರಿಗೆ ಊರೇ ನನ್ನ ಜಗಲಿಯತ್ತ ಬೊಟ್ಟು ಮಾಡಿತು. ನನ್ನ ಕಡೆಗಲ್ಲ, ಹೊಲಿಗೆ ಯಂತ್ರದ ಕಡೆಗೆ. ಹುಸೇನಸಾಬ ಒಳಗೆ ಓಡಿಬಂದು ಮೆಲ್ಲಗೆ "ಅಣ್ಣಾರ, ನಾಳೆ ಸಾಹೇಬರು ಗಾಳ ಹಾಕ್ತಾರಂತ. ಎಲ್ಲಿ ಕುಂದ್ರಸ್ಲಿ? ನಿಮ್ಮ ಕಾಲ ಬೀಳ್ತೀನಿ, ಹೇಳ್ರಿ" ಎಂದ. ಹೊಟ್ಟೆಕಿಚ್ಚಿಗೆ ಅಂಥ ಅವಕಾಶ ಪದೇ ಪದೇ ಸಿಗುವುದಿಲ್ಲ. ಮಧ್ಯಾಹ್ನ, ತೂಬಿನ ಆಳ ಎನ್ನುವ ಬದಲು, "ನಸುಕಿನ್ಯಾಗ ಹೋಗು. ಎಮ್ಮಿ ತೊಳಿಯೋ ಕಡವಿನ್ಯಾಗ, ಮೊಣಕಾಲುದ್ದ ನೀರಾಗ" ಎಂದೆ. ಆ ಚಳಿಯಲ್ಲಿ ಆ ಜಾಗದಲ್ಲಿ ಕಪ್ಪೆಯೂ ಇರುವುದಿಲ್ಲ. ನಾಳೆಗೆ ಗಾಳದ ಹುಸೇನಪ್ಪನ ಕಥೆ ಮುಗಿಯಿತೆಂದು ಊಟದಲ್ಲಿ ಒಂದು ರೊಟ್ಟಿ ಹೆಚ್ಚು ತಿಂದೆ.

ಮರುದಿನ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಪೇಟೆಯಲ್ಲಿ ಗದ್ದಲ. ಸಾಹೇಬರಿಗೆ ಮೊದಲ ಸಲಕ್ಕೇ ತೊಡೆಗಾತ್ರದ ಗೆಂಡೆ ಬಿದ್ದಿತ್ತು. ಪುಷ್ಯದ ನಸುಕಿನಲ್ಲಿ ಮೀನು ದಂಡೆಗೆ ಬರುತ್ತದೆಂದು ಯಾವ ಪುಸ್ತಕದಲ್ಲೂ ಓದಿಲ್ಲ, ಇದು ಅನುಭವದ ಜ್ಞಾನ ಎಂದು ಹೇಳಿ ಅವರು ತಮ್ಮ ತಲೆಯ ಮೇಲಿನ ಖಾಕಿ ಟೊಪ್ಪಿಗೆಯನ್ನು ತೆಗೆದು ಹುಸೇನಸಾಬನ ತಲೆಗಿಟ್ಟರಂತೆ. ಇದು ಹೇಗೆ ಸಾಧ್ಯವೆಂದು ತಲೆ ಕೆಡಿಸಿಕೊಂಡು ಮಧ್ಯಾಹ್ನ ಮನೆಗೆ ಹೋದರೆ ಅವ್ವ ಮುಖ ಊದಿಸಿಕೊಂಡು ಕೂತಿದ್ದಳು. "ದಿನಾ ಎಮ್ಮಿ ಕಡವಿನ್ಯಾಗ ಕಣಕ ಹಾಕ್ತೀನಿ. ಇವತ್ತ ಯಾರೋ ಟೊಪ್ಪಿಗಿಯವ ನಿಂತಿದ್ದ. ದಿನಾ ಬರೋ ದೊಡ್ಡ ಮೀನು ಬರಲೇ ಇಲ್ಲ ನೋಡು" ಎಂದಳು. ನಾನು ಊಟಕ್ಕೆ ಕೂತವನು ಹಾಗೇ ಎದ್ದೆ.

ಅದರಾಚೆಗಿನ ದಿನಗಳು ನರಕ. ಹುಸೇನಸಾಬ ಆ ಟೊಪ್ಪಿಗೆ ಹಾಕಿಕೊಂಡೇ ನನ್ನ ಜಗಲಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ. ಕಣ್ಣೆತ್ತಿದರೆ ಟೊಪ್ಪಿಗೆ, ಕಣ್ಣು ಮುಚ್ಚಿದರೂ ಟೊಪ್ಪಿಗೆ. ಹೆಗಡೆಕಟ್ಟಾದಿಂದ ಬಂದ ಗಿರಾಕಿಯೊಬ್ಬರು "ಎಂತದು ಮಾರಾಯ್ರೆ, ಹೊಸ ಸೀರೆ ಕೆರೆ ವಾಸನೆ ಬರ್ತದಲ್ಲ" ಎಂದು ಮೂಗು ಮುಚ್ಚಿಕೊಂಡು ಹೋದ ಸಂಜೆ ನನ್ನ ತಾಳ್ಮೆ ಹರಿಯಿತು. ಅವ್ವ ಗುಡಿಗೆ ಹೋಗಿದ್ದ ಹೊತ್ತು ನೋಡಿ, ಅಕ್ಕಿ ಆರಿಸುತ್ತಿದ್ದ ಗಿರಿಜೆಯ ಮುಂದೆ ಕೂತು ಎಲ್ಲವನ್ನೂ ಕಾರಿಕೊಂಡೆ. ಹಿಡಿದವನು ನಾನು. ಮೊದಲಿನಿಂದಲೂ ನಾನು. ದೀಪಾವಳಿಯ ಆ ಗೆಂಡೆಯೂ ನನ್ನದು ಎಂದು ಅಂಗೈಯ ಕಲೆ ತೋರಿಸಿದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಅದೇನ್ ನಂಗ ಗೊತ್ತಿಲ್ಲೇನ್ರಿ? ನಿಮ್ಮ ಧೋತರಾ ಒಗಿಯಾಕಿ ಯಾರು?" ಎಂದಳು.

"ಮತ್ತ ಬಾವಿಕಟ್ಟಿ ಮ್ಯಾಲ ಅವನ್ನ ಯಾಕ ಹೊಗಳತಿದ್ದಿ?"

"ಅತ್ತಿಯಾರ ಕಿವಿಗಿ ಬಿದ್ದಿದ್ರ ನಿಮ್ಮನ್ನ ಪಡಸಾಲಿ ಹತ್ತಿಸ್ತಿದ್ರೇನು? ಹುಸೇನಪ್ಪ ಹಿಡದ ಅಂತ ನಾನೇ ಊರ ತುಂಬ ಹೇಳೀನಿ. ಬಾಯಿ ತುಂಬ ಹೊಗಳದಿದ್ರ ಮಂದಿ ನಂಬ್ತಿದ್ರೇನು?"

ಅವನ ಕೀರ್ತಿಯೆಲ್ಲ ನನ್ನ ಅಡಿಗೆಮನೆಯಿಂದಲೇ ಹೊರಟದ್ದು ಎಂದು ತಿಳಿದು ನನಗೆ ಸಿಟ್ಟಿನ ಬದಲು ಸಂತೋಷವಾಯಿತು. ಲೋಕದಲ್ಲಿ ಒಬ್ಬರಿಗಾದರೂ ಸತ್ಯ ಗೊತ್ತಿತ್ತಲ್ಲ. "ಹಂಗಾರ ಆ ದೊಡ್ಡ ಗೆಂಡಿ ಹಿಡದಾವ ಯಾರಂತ ನಿನಗ ಗೊತ್ತೈತಿ" ಎಂದೆ, ಅವಳ ಬಾಯಿಂದ ನನ್ನ ಹೆಸರು ಕೇಳುವ ಆಸೆಯಿಂದ. ಅವಳು ಅಕ್ಕಿಯಲ್ಲಿ ಸಿಕ್ಕ ಕಲ್ಲು ಬಿಸಾಡಿ ಮೊರ ಕೆಳಗಿಟ್ಟಳು.

"ಖರೇ ಹೇಳ್ಲಿ? ಮಂದಿ ಮುಂದ ಹುಸೇನಪ್ಪ ಹುಸೇನಪ್ಪ ಅಂತ ಹೇಳಿ ಹೇಳಿ, ಈಗ ನನಗೂ ಅವನೇ ಹಿಡದಂಗ ಅನಸ್ತೈತಿ. ನೀವು ಹಿಡದಿದ್ದು ನೆನಸಾಕ ಹೋದ್ರ ಕಣ್ಣಿಗಿ ಕಟ್ಟೂದ ಇಲ್ಲ."

ಮರುದಿನ ಹುಸೇನಸಾಬ ನಮಾಜಿಗೆ ಹೋಗಿದ್ದಾಗ ಟೊಪ್ಪಿಗೆ ಹೊಲಿಗೆ ಯಂತ್ರದ ಮೇಲಿತ್ತು. ಆಚೆ ಈಚೆ ನೋಡಿ ತಲೆಗಿಟ್ಟುಕೊಂಡೆ. ಅವನಿಗೆ ಅದು ಕಿವಿಯವರೆಗೆ ಇಳಿಯುತ್ತಿತ್ತು. ನನಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಂಗಡಿಯ ಕನ್ನಡಿಯಲ್ಲಿ ಮುಖ ತಿರುಗಿಸಿ ನೋಡಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತ ಗಿರಾಕಿಯೊಬ್ಬರು "ಅದು ಹುಸೇನಪ್ಪಂದಲ್ಲೇನ್ರಿ?" ಎಂದರು.

"ಹೌದ್ರಿ, ಅವಂದ" ಎಂದು ತೆಗೆದಿಟ್ಟೆ.