ಭಾನುವಾರದ ಜರ್ಮನ್

೨೦೨೪ನೇ ಇಸವಿ ನವೆಂಬರ್ ೧೮, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ವಸ್ತಾರೆಯ ಕಾಫಿ ಬೆಳೆಗಾರರ ಸಭೆಯಲ್ಲಿ, ಮೂವರು ಜರ್ಮನ್ ಅತಿಥಿಗಳ ಸಮಕ್ಷಮದಲ್ಲಿ, ನಿವೃತ್ತ ಮುಖ್ಯೋಪಾಧ್ಯಾಯ ಜನಾರ್ದನರಾಯರ ಕೈಯಿಂದ ಮೈಕನ್ನು ಕಸಿದುಕೊಳ್ಳಲಾಯಿತು. ಕಸಿದವನು ಸಭೆಯ ವ್ಯವಸ್ಥಾಪಕ ಅಜಿತ್, ಅವರದೇ ಶಿಷ್ಯ!

ಆರು ವಾರಗಳ ಹಿಂದೆ ಇದೇ ಅಜಿತ್ ಮನೆಗೆ ಬಂದು, "ನಮ್ಮ ಕಾಫಿ ನೋಡೋಕೆ ಜರ್ಮನಿಯಿಂದ ಬರ್ತಿದಾರೆ ಸರ್. ಅವ್ರ ಭಾಷೇಲೇ ನಾಲ್ಕು ಮಾತು ಸ್ವಾಗತ ಹೇಳೋಕೆ ನೀವೇ ಸೈ" ಎಂದು ಬೇಡಿಕೊಂಡಿದ್ದ, ರಾಯರ ಮೊಬೈಲಿಗೆ ಉಚ್ಚಾರಣೆಯ ಪಾಠವೊಂದನ್ನೂ ಹಾಕಿಕೊಟ್ಟಿದ್ದ. ಮೂವತ್ತಾರು ವರ್ಷ ಮೂಡಿಗೆರೆ ತಾಲ್ಲೂಕಿನ ಮಕ್ಕಳ ನಾಲಿಗೆ ತಿದ್ದಿದವರಿಗೆ ಜರ್ಮನ್ ಯಾವ ಲೆಕ್ಕ!

ಆದರೆ ಪಾಠದ ನಿಯಮ ವಿಚಿತ್ರವಾಗಿತ್ತು. ಪ್ರತಿದಿನ ಹತ್ತೇ ನಿಮಿಷ ಕೇಳಿ, ತಿರುಗಿ ಹೇಳಬೇಕು. ಒಂದು ದಿನ ತಪ್ಪಿದರೂ ಗೈರುಹಾಜರಿ!

"ವಿದ್ಯೆಯೇನು ಒಳಲೆಯಲ್ಲಿ ಕುಡಿಸೋ ಹಾಲಾ? ಏಳು ಹತ್ತಲೆ ಎಪ್ಪತ್ತು. ಭಾನುವಾರ ಒಟ್ಟಿಗೇ ಮುಗಿಸ್ತೇನೆ!" ಎಂದು ಘೋಷಿಸಿದ ರಾಯರು, ದಿನದ ಹಾಜರಿಯನ್ನು ಪತ್ನಿ ಸುಬ್ಬಲಕ್ಷ್ಮಿಯವರಿಗೆ ವಹಿಸಿದರು.

"ನಿಮ್ಮ ಹೆಸ್ರಲ್ಲಿ ನಾನು ಹಾಜರಿ ಹೇಳೋದಾ? ಶಾಲೇಲಿ ಹಾಗೆ ಮಾಡಿದವ್ರನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ರಲ್ಲ?"

"ಆ ನಿಯಮ ಮಕ್ಕಳಿಗೆ ಕಣೇ. ಬೆಳಿಗ್ಗೆ ಕಾಫಿ ಸೋಸ್ತಾ ಅದು ಅಂದಿದ್ದನ್ನ ನೀನೂ ಅಂದ್ಬಿಡು, ಸಾಕು."

ಜರ್ಮನ್ನಿನಲ್ಲಿ ಒಂದು ಸ್ವರವಿದೆ. ನಾಲಿಗೆ 'ಈ' ಎನ್ನುವಾಗ ತುಟಿ 'ಊ' ಎನ್ನುತ್ತಿರಬೇಕು. ಒಂದೇ ಕಚೇರಿಯ ಎರಡು ಮೇಜುಗಳಂತೆ ಅವೆರಡಕ್ಕೂ ಸಂಬಂಧವಿರಬಾರದು! ಭಾನುವಾರ ಹತ್ತನೇ ನಿಮಿಷಕ್ಕೆ ರಾಯರಿಗೆ ಅದು ಒಲಿಯುತ್ತಿತ್ತು. ನಲವತ್ತಕ್ಕೆ ತುಟಿ ಮುಷ್ಕರ ಹೂಡುತ್ತಿತ್ತು. ಎಪ್ಪತ್ತಕ್ಕೆ ಉಗುಳು ಮಾತ್ರ ಹೊರಡುತ್ತಿತ್ತು. ಬುಧವಾರದ ಹೊತ್ತಿಗೆ ಕಲಿತದ್ದೆಲ್ಲ ಮಾಯ. ಮುಂದಿನ ಭಾನುವಾರ ಮತ್ತೆ ಶ್ರೀಕಾರ. ಸಭೆಯ ಹಿಂದಿನ ದಿನವಂತೂ ಹಟ ಹಿಡಿದು ಎರಡು ಗಂಟೆ ಇಪ್ಪತ್ತು ನಿಮಿಷ ಸಾಧನೆ ಮಾಡಿದರು!

ಪರಿಣಾಮವಾಗಿ, ವೇದಿಕೆಯಲ್ಲಿ ಅವರ ಗಂಟಲು ಹರಿದ ತಮಟೆಯಾಗಿತ್ತು. ನಾಲ್ಕೂ ವಾಕ್ಯ ಮುಗಿದಾಗ ಅತಿಥಿಗಳು ಚಪ್ಪಾಳೆ ತಟ್ಟಿ, ಕನ್ನಡ ಬಹಳ ಗಂಭೀರವಾದ ಭಾಷೆಯೆಂದು ಅಜಿತನಿಗೆ ಇಂಗ್ಲಿಷಿನಲ್ಲಿ ತಿಳಿಸಿದರು.

ಮುಂದಿನ ಸಾಲಿನಲ್ಲಿದ್ದ ಸುಬ್ಬಲಕ್ಷ್ಮಿಯವರಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಮೊದಲ ವಾಕ್ಯವನ್ನು ಸರಿಯಾಗಿ ಹೇಳಿಬಿಟ್ಟರು. ಮೂವರು ಜರ್ಮನರೂ ಥಟ್ಟನೆ ಎದ್ದು, ಅದೇ ಭಾಷೆಯಲ್ಲಿ ಅವರಿಗೆ ವಂದಿಸಿದರು!

"ಸರ್, ಮೈಕ್ ಅಮ್ಮಂಗೆ ಕೊಡಿ ಮಾರಾಯ್ರೆ!" ಎಂದ ಅಜಿತ್. ರಾಯರು ಕೊಡಲಿಲ್ಲ, ಅವನು ಬಿಡಲಿಲ್ಲ. ಮುಂದಿನ ತಿಂಗಳು ಕಳಸದಲ್ಲಿ ನಡೆಯುವ ಸಭೆಗೂ ಸುಬ್ಬಲಕ್ಷ್ಮಿಯವರೇ ಎಂದು ಅಲ್ಲಿಯೇ ತೀರ್ಮಾನವಾಯಿತು.

ರಾಯರು ಸೋಲೊಪ್ಪುವವರಲ್ಲ. ಮನೆಗೆ ಬಂದವರೇ ಪಾಠ ತಯಾರಿಸಿದವರ ವಿರುದ್ಧ ದೂರು ಬರೆದರು. ಆದರೆ ದೂರನ್ನು ಮೊಬೈಲಿಗೆ ಬಾಯಲ್ಲಿಯೇ ಹೇಳಬೇಕಂತೆ. ಹೇಳಿದರು. ಇದು ಮೊದಲ ದಿನದಿಂದ ಬೆಳಿಗ್ಗೆ ಹಾಜರಿ ಹೇಳುತ್ತಿದ್ದ ವಿದ್ಯಾರ್ಥಿಯ ದನಿಯಲ್ಲವೆಂದು ಮೊಬೈಲು ಮೂರು ಸಲ ತಿರಸ್ಕರಿಸಿತು!

"ತಗೋ, ಓದು" ಎಂದು ಕಾಗದವನ್ನು ಪತ್ನಿಯ ಮುಂದೆ ಚಾಚಿದರು.

"ಇದ್ದ ಹಾಗೇ ಓದ್ಲಾ?"

"ಒಂದಕ್ಷರ ಬಿಡಬೇಡ!"

ಸುಬ್ಬಲಕ್ಷ್ಮಿಯವರು ಓದಿದರು: "ಪಾಠ ತಯಾರಿಸಿದ ಮಾನ್ಯರೇ, ಏಳು ಹತ್ತಲೆ ಎಪ್ಪತ್ತು ಎಂಬುದು ನಿರ್ವಿವಾದ. ಭಾನುವಾರದ ಎಪ್ಪತ್ತು ನಿಮಿಷಕ್ಕೂ ಅಷ್ಟೇ ಫಲ ದೊರೆಯುವಂತೆ ನಿಮ್ಮ ಪಾಠವನ್ನು ಹದಿನೈದು ದಿನದೊಳಗೆ ತಿದ್ದತಕ್ಕದ್ದು."

ಕಾಗದ ಅಲ್ಲಿಗೆ ಮುಗಿದಿತ್ತು. ಅವರು ಮುಗಿಸಲಿಲ್ಲ.

"ಅಲ್ಲಿಯವರೆಗೆ ನಮ್ಮ ಯಜಮಾನರನ್ನು ಹೊಸ ವಿದ್ಯಾರ್ಥಿಯಾಗಿ ಸೇರಿಸಿಕೊಂಡು, ದಿನಕ್ಕೆ ಹತ್ತೇ ನಿಮಿಷ ಪಾಠ ತೆರೆಯತಕ್ಕದ್ದು. ಹನ್ನೊಂದನೇ ನಿಮಿಷಕ್ಕೆ ಬೀಗ ಹಾಕತಕ್ಕದ್ದು. ಭಾನುವಾರ ಯಾವ ಕಾರಣಕ್ಕೂ ತೆರೆಯಲೇಕೂಡದು!"