ಕರುವಿಗೆ ಹಾಲು ಬಿಡಿಸಿದ್ದು

"ನಾಳೆಯಿಂದ ಈ ಕರು ಹಾಲು ಕುಡಿದರೆ ನನ್ನ ಹೆಸರು ಬದಲಾಯಿಸಿ!" ಎಂದು ಸೆರಗು ಬಿಗಿದು ಕೊಟ್ಟಿಗೆಯಲ್ಲೇ ಘೋಷಿಸಿದೆ.

ಇನ್ನೇನು ಮಾಡಲಿ? ಹಳ್ಳಿಯಲ್ಲಿದ್ದರೆ ಮನೆ ಹಾಲಿನ ಸುಖ ಎನ್ನುತ್ತಾರೆ. ಆ ಸುಖವನ್ನೆಲ್ಲ ಹುಲ್ಲು ಮೇಯುವಷ್ಟು ದೊಡ್ಡದಾದ, ಕೋಣದಂಥ ಕರುವೇ ಹೀರುತ್ತಿತ್ತು! ಹಾಲಿನ ವ್ಯಾನಿನವನು ಬೇರೆ ಎಚ್ಚರಿಸಿದ್ದ: "ಅಜ್ಜಿ, ಈ ಓಣಿ ಹಾಲು ಹಿಂಗೇ ಕಮ್ಮಿ ಆದ್ರೆ ಗಾಡಿ ಒಳಗೆ ತರಲ್ಲ. ದೊಡ್ಡ ರಸ್ತೆಗೆ ನೀವೇ ಹೊತ್ಕೊಂಡು ಬನ್ನಿ." ದೊಡ್ಡ ರಸ್ತೆಯೋ, ಗುಡ್ಡದಾಚೆ! ನನ್ನ ಮಂಡಿಯೋ, ಅಂಗಳ ದಾಟಲೂ ಒಪ್ಪದು!

ಸಂಜೆ ಕಹಿ ಸೊಪ್ಪು ನುಣ್ಣಗೆ ಅರೆದು ಹಸುವಿನ ಕೆಚ್ಚಲಿಗೆಲ್ಲ ಮೆತ್ತಿದೆ. ಕರು ಬಾಯಿಟ್ಟಿತು, ಮೂತಿ ಸೊಟ್ಟ ಮಾಡಿತು, ಮೂಲೆ ಸೇರಿತು. ರಾಜ್ಯ ಗೆದ್ದವಳಂತೆ ಮಲಗಿದೆ.

ಬೆಳಿಗ್ಗೆ ಕೆಚ್ಚಲು ತೊಳೆಯಲು ನೀರು ಕಾಯಿಸುತ್ತಿದ್ದೆ. ಅಷ್ಟರಲ್ಲಿ ಎಂದೂ ಕೊಟ್ಟಿಗೆಗೆ ಕಾಲಿಡದ ನನ್ನ ಯಜಮಾನರು ಖಾಲಿ ಚೊಂಬು ಬೀಸುತ್ತ ಬಂದರು.

"ನಿನ್ನ ಮಂಡಿ ನೋವು ನೋಡಕ್ಕಾಗ್ಲಿಲ್ಲ ಕಣೇ. ನಾನೇ ಕರೆದು, ವ್ಯಾನಿಗೂ ಹಾಕ್ಬಂದೆ!"

"ಅಯ್ಯೋ, ತೊಳೆದ್ರಾ?"

"ಸೋಪು ಹಾಕಿ ತೊಳೆದೆ!"

"ಕೆಚ್ಚಲಿಗೆ ಸೋಪಾ?"

"ಕೆಚ್ಚಲು ಯಾಕೆ ತೊಳೀಬೇಕು? ಕೈ ತೊಳೆದೆ!"

ಮಂಡಿ ಮರೆತು ಓಡಿದೆ. ವ್ಯಾನಿನವನು ಬೆರಳಿಗೆ ಒಂದು ತೊಟ್ಟು ಹಾಲು ತೆಗೆದುಕೊಂಡು ನೆಕ್ಕುತ್ತಿದ್ದ. ಥೂ ಎಂದು ಉಗಿದ. "ಇದೇನು ಹಾಲೋ, ಔಷಧಿಯೋ?" ನಮ್ಮ ಒಂದು ಚೊಂಬು ಸೇರಿದ್ದು ಇಡೀ ಓಣಿಯ ಹಾಲು ತುಂಬಿದ ದೊಡ್ಡ ಕ್ಯಾನಿಗೆ! ಅಷ್ಟನ್ನೂ ಚರಂಡಿಗೆ ಸುರಿದ. ಮನೆಮನೆಯವರು ಬಾಗಿಲಿಗೆ ಬಂದು ನಿಂತರು.

ಈ ಗಲಾಟೆಯಲ್ಲಿ ನಮ್ಮ ಕರು ಹಗ್ಗ ಕಿತ್ತುಕೊಂಡು ಬಂದು, ಚರಂಡಿಗೆ ಮೂತಿಯಿಟ್ಟು, ಬಾಲ ಎತ್ತಿ ಆ ಕಹಿ ಹಾಲನ್ನು ಚಪ್ಪರಿಸತೊಡಗಿತು! ರಾತ್ರಿ ಕಳೆಯುವುದರೊಳಗೆ ಅದಕ್ಕೆ ಕಹಿಯೇ ರುಚಿಸಿತ್ತು!

"ನಾಳೆಯಿಂದ ಗಾಡಿ ಬರಲ್ಲ," ಎಂದು ವ್ಯಾನಿನವನು ಹೊರಟೇಹೋದ.

ಈಗ ದಿನಾ ಓಣಿಗೆ ಓಣಿಯೇ ಕ್ಯಾನು ಹೊತ್ತು ಗುಡ್ಡ ಹತ್ತುತ್ತದೆ. ಎಲ್ಲರಿಗಿಂತ ಹಿಂದೆ ಕುಂಟುತ್ತ ನಾನು. ಮೊದಲ ದಿನ ಪಕ್ಕದ ಮನೆಯಾಕೆ ಕಾಲಿನ ಮುಳ್ಳು ಕೀಳುತ್ತ ಕುಳಿತಿದ್ದಳು. ನಾನು ಹತ್ತಿರ ಬಂದದ್ದೇ ಮೆಲ್ಲಗೆ ಹೇಳಿದಳು:

"ಅತ್ತೆ, ಇನ್ಯಾರಿಗಾದ್ರೂ ಬುದ್ಧಿ ಕಲಿಸೋದಿದ್ರೆ ಹಿಂದಿನ ದಿನಾನೇ ಹೇಳ್ಬಿಡಿ. ನಾವು ಚಪ್ಪಲಿನಾದ್ರೂ ಹಾಕ್ಕೊಂಡಿರ್ತೀವಿ."