ಒಬ್ಬನೇ ಹೊರಟ ಪುಟ್ಟ

ಎಲ್ಲ ಕೆಟ್ಟದ್ದು ಒಂದು ಕಾಲುಚೀಲದಿಂದ. ಆರಡಿ ಎತ್ತರ, ಚಿಗುರು ಮೀಸೆ, ಹತ್ತೊಂಬತ್ತರ ಪ್ರಾಯ. ಆದರೂ ಮನೆಯಲ್ಲಿ ಇನ್ನೂ ಪುಟ್ಟನೆಂದೇ ಕರೆಸಿಕೊಳ್ಳುವ ನಮ್ಮ ನಾಯಕ, ಬೆಳಕು ಹರಿಯುವ ಮೊದಲೇ ಎದ್ದು, ಸದ್ದಿಲ್ಲದೆ ಮುಖ ತೊಳೆದು, ಬೆನ್ನಿಗೆ ಚೀಲ ಏರಿಸಿದ್ದ. ಅಲ್ಲಿಯವರೆಗೆ ಒಂದು ತಪ್ಪೂ ಆಗಿರಲಿಲ್ಲ. ಆದರೆ ಎಡಗಾಲಿನ ಕಾಲುಚೀಲ ಕಾಣಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

"ಅಕ್ಕಾ, ನನ್ನ ಇನ್ನೊಂದು ಸಾಕ್ಸ್ ಎಲ್ಲಿ?"

ಅಲ್ಲಿಗೆ ಕೆಲಸ ಕೆಟ್ಟಿತು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಮುಖ ನೋಡಿಯೇ ಎಲ್ಲಿ ನೋವು ಎಂದು ಹೇಳಬಲ್ಲವಳು. ದೀಪ ಹಾಕಿ, "ಎಲ್ಲಿಗೆ?" ಎಂದಳು. ಪುಟ್ಟನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ, ಅಕ್ಕನ ಮುಂದೆ ಬರುವುದಿಲ್ಲ. ಎಲ್ಲವನ್ನೂ ಒದರಿಬಿಟ್ಟ.

ವಿಷಯ ಇಷ್ಟೇ. ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಅವನ ಹುಡುಗಿ ಬೇರೆ ಊರಿನ ಅಂಗಡಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದಳು. ಹೋದವಳು ಫೋನಿನಲ್ಲೇ ಎಲ್ಲ ಮುಗಿಸಿದ್ದಳು. "ಸಿನಿಮಾಗೆ ಕರೆದ್ರೆ ಅಕ್ಕನ್ನ ಕೇಳ್ತೀನಿ ಅಂತೀಯ. ಶರ್ಟಿನ ಬಣ್ಣ ಅಕ್ಕಂದು. ನನ್ನ ಹುಟ್ಟಿದಬ್ಬಕ್ಕೆ ಏನು ಕೊಡ್ಲಿ ಅಂತಾನೂ ಅವ್ರನ್ನೇ ಕೇಳಿದ್ದೀಯ. ನಾನು ಪ್ರೀತಿಸಿದ್ದು ನಿನ್ನನ್ನೋ ನಿಮ್ಮಕ್ಕನ್ನೋ?" ಇವತ್ತು ಮಧ್ಯಾಹ್ನ ಅಂಗಡಿ ಮುಚ್ಚಿದರೆ ವಾರವೆಲ್ಲ ರಜೆ. ಆಮೇಲೆ ಅವಳು ಎಲ್ಲಿಗೆ ಹೋಗುತ್ತಾಳೋ ಯಾರು ಬಲ್ಲರು. ಅಷ್ಟರೊಳಗೆ ಅವಳ ಮುಂದೆ ಒಬ್ಬನೇ ಹೋಗಿ ನಿಂತು, "ಯಾರನ್ನೂ ಕೇಳದೆ ಬಂದಿದ್ದೀನಿ, ನೋಡು" ಎನ್ನಬೇಕು. ಅದೊಂದೇ ಉಳಿದ ದಾರಿ.

"ಒಳ್ಳೇದಾಯ್ತು, ಒಬ್ನೇ ಹೋಗು," ಎಂದಳು ಅಕ್ಕ, ಜಡೆ ಹೆಣೆದುಕೊಳ್ಳುತ್ತಾ. "ನಾನೂ ಬರ್ತೀನಿ."

ಅಕ್ಕನ ಮೇಲೆ ಸಿಟ್ಟು ಬಾರದಿರುವುದೇ ಪುಟ್ಟನ ದೊಡ್ಡ ಕಷ್ಟ. ಅಮ್ಮ ಹೋದ ಮೇಲೆ ಅವನಿಗೆ ತಲೆ ಬಾಚಿದವಳು, ಜ್ವರ ಬಂದಾಗ ಹಾಸಿಗೆಯ ಪಕ್ಕದಿಂದ ಕದಲದವಳು ಅವಳೇ. ಅಕ್ಕನೆಂದರೆ ಅವನಿಗೆ ಪ್ರಾಣ. ಆದರೆ ಪ್ರಾಣವನ್ನು ಒಂದು ದಿನದ ಮಟ್ಟಿಗೆ ಮನೆಯಲ್ಲಿ ಬಿಟ್ಟು ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

ಬಸ್ ಹತ್ತುವ ಮೊದಲು ಒಂದು ಕರಾರು ಆಯಿತು. ಅವಳು ಮುಂದಿನ ಸೀಟು, ಇವನು ಹಿಂದಿನ ಸೀಟು. ಇಬ್ಬರಿಗೂ ಪರಿಚಯವೇ ಇಲ್ಲ. ಅಕ್ಕ ಒಪ್ಪಿದಳು. ಬಸ್ಸು ಊರು ದಾಟುವವರೆಗೆ ಮಾತಿಗೆ ತಪ್ಪಲೂ ಇಲ್ಲ. ಆಮೇಲೆ ಮುಂದಿನಿಂದ ಕೂಗು ಬಂತು: "ಪುಟ್ಟಾ, ಕಿಟಕಿ ಹಾಕ್ಕೋ! ಗಾಳಿ ಆಗಲ್ಲ ನಿಂಗೆ!"

ಇಡೀ ಬಸ್ಸು ಹಿಂದಕ್ಕೆ ತಿರುಗಿತು. ಅಕ್ಕನ ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಯಾರಮ್ಮ ಅದು?" ಎಂದು ಕೇಳಿದ್ದೇ ತಡ, ಅಕ್ಕ ಮೊದಲಿಂದ ಶುರು ಮಾಡಿದಳು. ಕತೆ ಸೀಟಿನಿಂದ ಸೀಟಿಗೆ ಹಾರುತ್ತಾ ಬಂದು, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನಿಗಿಂತ ಮೊದಲೇ ಹಿಂದಿನ ಸಾಲು ಮುಟ್ಟಿತು.

"ಒಬ್ರೇ ಹೊರಟಿರೋ ಪುಟ್ಟ ಅಂದ್ರೆ ನೀವೇನಾ?" ಎಂದ ಕಂಡಕ್ಟರ್. "ಟಿಕೆಟ್ ಅಕ್ಕಾವ್ರು ತಗೊಂಡಿದ್ದಾರೆ ಬಿಡಿ."

ಪಕ್ಕದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಂದು ಕೂತರು. "ಅವಳ ಮುಂದೆ ಏನು ಹೇಳ್ತೀಯಪ್ಪ? ಒಂದ್ಸಲ ಹೇಳು, ಕೇಳೋಣ." ಪುಟ್ಟ ಗೊಣಗಿದ. "ಗಟ್ಟಿಯಾಗಿ!" ಎಂದರು. ಗಟ್ಟಿಯಾಗಿ ಹೇಳಿದ. ಡ್ರೈವರ್ ಕನ್ನಡಿಯಲ್ಲೇ ನೋಡುತ್ತಾ, "ಹಂಗೆ ಗೋಗರೀಬಾರ್ದು ಸಾರ್, ಒಂದ್ ಸ್ವಲ್ಪ ಬಿಗಿಯಾಗಿರ್ಬೇಕು," ಎಂದು ತಿದ್ದಿದ. ಪುಟ್ಟ ಗಡಿಯಾರ ನೋಡಿದ, ಕಿಟಕಿ ನೋಡಿದ, ಮತ್ತೆ ಗಡಿಯಾರ ನೋಡಿದ.

ಚಹಾಕ್ಕೆಂದು ನಿಂತಲ್ಲಿ ಡ್ರೈವರ್ ತಲೆ ಸುತ್ತುತ್ತೆ ಎಂದ. ಅಷ್ಟು ಸಾಕಾಯಿತು ಅಕ್ಕನಿಗೆ. ಅವನನ್ನು ಬೆಂಚಿನ ಮೇಲೆ ಮಲಗಿಸಿ, ನಾಡಿ ಹಿಡಿದು, ಬೆಳಗಿನಿಂದ ಏನೂ ತಿಂದಿಲ್ಲವೆಂದು ಬೈದು, ಎದುರಿಗೆ ಕೂತು ತಿನ್ನಿಸಿದಳು. ಅದನ್ನು ಕಂಡು ಅಜ್ಜಿ ಮಂಡಿ ತೋರಿಸಿದಳು. ಮೇಷ್ಟ್ರು ನಾಲಿಗೆ ಚಾಚಿದರು. ಹಿಂದೆ ಸಾಲು ಬೆಳೆಯಿತು. ಪುಟ್ಟ ಬಸ್ಸಿನ ಸುತ್ತ ಕಟ್ಟಿಹಾಕಿದ ಕರುವಿನ ಹಾಗೆ ತಿರುಗಿದ.

"ಅಕ್ಕಾ, ಅಂಗಡಿ ಮುಚ್ಚಿಬಿಡ್ತಾರೆ!"

"ಡ್ರೈವರ್ ಬಿದ್ದೋದ್ರೆ ಬಸ್ಸನ್ನ ನೀನು ಓಡಿಸ್ತೀಯಾ? ಸುಮ್ನೆ ಕೂತ್ಕೋ."

ಹೊಟ್ಟೆ ತುಂಬಿದ ಡ್ರೈವರನಿಗೆ ಹೊಸ ಜೀವ ಬಂದಿತ್ತು. "ಸ್ಟ್ಯಾಂಡಿಗೆ ಆಮೇಲೆ ಹೋದ್ರಾಯ್ತು, ಮೊದ್ಲು ಕನ್ನಡಕದಂಗ್ಡಿ!" ಎಂದು ಘೋಷಿಸಿದ. ಇಳಿಯಬೇಕಾದವರೂ ಇಳಿಯಲಿಲ್ಲ. ಕೊನೆ ನೋಡದೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಬಸ್ಸು ಹಾರ್ನ್ ಹೊಡೆಯುತ್ತಾ ಅಂಗಡಿಯ ಮುಂದೆ ನಿಂತಾಗ ಹುಡುಗಿ ಅರ್ಧ ಷಟರ್ ಎಳೆದಿದ್ದಳು. ಪುಟ್ಟ ಇಳಿದ. ಅವಳ ಮುಂದೆ ಹೋಗಿ ನಿಂತ. ಅವಳಿಲ್ಲದ ದಿನಗಳೆಲ್ಲ ಎದೆಯಲ್ಲಿ ಕಲ್ಲಿನಂತೆ ಕೂತಿದ್ದವು.

"ನಾನು... ಯಾರನ್ನೂ ಕೇಳದೆ..."

"ಒಬ್ನೇ ಬಂದಿದ್ದೀನಿ ಅನ್ನಪ್ಪಾ!" ಎಂದು ಅಷ್ಟೂ ಕಿಟಕಿಗಳು ಒಟ್ಟಿಗೆ ಕೂಗಿದವು.

ಹುಡುಗಿ ಬಸ್ಸನ್ನು ನೋಡಿದಳು, ಇವನನ್ನು ನೋಡಿದಳು. "ಇವ್ರೆಲ್ಲ ಯಾರು?"

"ಅವರು ಪ್ಯಾಸೆಂಜರ್ಸು. ನಾನು ಅಕ್ಕ," ಎನ್ನುತ್ತಾ ಅಕ್ಕ ಇಳಿದು ಬಂದಳು. ಹುಡುಗಿಯ ಮುಖ ಕೆಂಪಾಯಿತು. "ನೀನಿಲ್ಲೇ ಇರೋ," ಎಂದು ತಮ್ಮನಿಗೆ ಹೇಳಿ ಅಕ್ಕ ಅವಳ ಕಡೆ ತಿರುಗಿದಳು. "ಬಾಮ್ಮ, ಒಳಗೆ ಕೂತು ಮಾತಾಡೋಣ."

ಗಾಜಿನಾಚೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಹುಡುಗಿ ಕೈ ಬೀಸಿ ಬೀಸಿ ಜಗಳವಾಡಿದಳು. ಅಕ್ಕ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ತಲೆಯಾಡಿಸಿದಳು. ಆಮೇಲೆ ಹುಡುಗಿ ಅತ್ತಳು. ಅಕ್ಕ ಗಾಜು ಒರೆಸುವ ಬಟ್ಟೆಯಲ್ಲೇ ಅವಳ ಕಣ್ಣೊರೆಸಿದಳು. ಕೊನೆಗೆ ಇಬ್ಬರೂ ನಕ್ಕರು. "ಆಯ್ತು ಬಿಡು ಪುಟ್ಟ, ಗೆದ್ದೆ!" ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಕಂಡಕ್ಟರ್ ಸೀಟಿ ಊದಿದ.

ಹುಡುಗಿ ಚೀಲ ಹಿಡಿದು ಹೊರಗೆ ಬಂದು, ಷಟರ್ ಪೂರ್ತಿ ಎಳೆದು, ಅಕ್ಕನ ತೋಳಿಗೆ ತೋಳು ಸೇರಿಸಿದಳು. "ನಿಮ್ಮಕ್ಕ ಇಷ್ಟು ಒಳ್ಳೆಯವ್ರು ಅಂತ ಯಾಕೋ ಹೇಳ್ಲಿಲ್ಲ? ಏನು ಕೇಳಿದ್ರೂ ಎಷ್ಟು ಸರಿಯಾಗಿ ಹೇಳ್ತಾರೆ! ರಜೆಗೆ ನಿಮ್ಮನೇಗೇ ಬರ್ತಿದ್ದೀನಿ."

ಪುಟ್ಟನ ಕಾಲು ನೆಲದ ಮೇಲಿರಲಿಲ್ಲ. "ಹಾಗಾದ್ರೆ... ನಮ್ಮಿಬ್ರ ವಿಷಯ?"

"ಅಕ್ಕನ್ನ ಕೇಳ್ದೆ," ಎಂದಳು ಹುಡುಗಿ. "ಬೇಡ ಅಂದ್ರು."

ಪುಟ್ಟ ಅಕ್ಕನ ಕಡೆ ತಿರುಗಿದ.

"ಕೇಳಿದ್ಲು ಕಣೋ, ಸುಳ್ಳು ಹೇಳೋಕಾಗುತ್ತಾ?" ಎಂದಳು ಅಕ್ಕ. ಅವಳ ದನಿಯಲ್ಲಿ ನಿಜವಾದ ಸಂಕಟವಿತ್ತು. "ಎಷ್ಟು ಚೂಟಿ ಹುಡುಗಿ. ತನ್ನ ಬುದ್ಧಿಯಿಂದ ಒಂದು ಹೆಜ್ಜೆ ಇಡದವನ ಜೊತೆ ಹೇಗೆ ಏಗ್ತಾಳೆ? ನನ್ನ ಸ್ವಂತ ತಂಗಿಯಾಗಿದ್ರೂ ಇದನ್ನೇ ಹೇಳ್ತಿದ್ದೆ."

"ಅಕ್ಕ ಹೇಳಿದ್ದು ಸರಿ," ಎಂದು ಕಿಟಕಿಯಿಂದ ಅಜ್ಜಿ ತೀರ್ಪು ಕೊಟ್ಟಳು. ಕಂಡಕ್ಟರ್ ತಲೆದೂಗಿದ.

ಪುಟ್ಟ ಬಸ್ಸನ್ನು ನೋಡಿದ, ಹುಡುಗಿಯನ್ನು ನೋಡಿದ, ಮುಚ್ಚಿದ ಅಂಗಡಿಯನ್ನು ನೋಡಿದ. ಕಣ್ಣು ತುಂಬಿ ಬಂದಿತ್ತು.

"ಅಕ್ಕಾ," ಎಂದ, "ನಾನೀಗ ಏನ್ಮಾಡ್ಲಿ?"